ಗುಡ್ಡ ಖಾಲಿ ಅಂದಿದ್ದ ತಿಮ್ಮವ್ವ

ತಿಮ್ಮವ್ವ ಸೀತಾಫಲದ ಬುಟ್ಟಿ ತುಂಬುವುದನ್ನು ನೀವು ಒಮ್ಮೆ ನೋಡಬೇಕು. ದೊಡ್ಡ ಹಣ್ಣು ಕೆಳಗೆ, ಸಣ್ಣವು ಮೇಲೆ. ಪೇಟೆಯಲ್ಲಿ ಕೂತ ಉಳಿದವರೆಲ್ಲ ಮಾಡುವುದು ಇದಕ್ಕೆ ಉಲ್ಟಾ. ರಾಯಚೂರಿನ ತೀನ್ ಕಂದೀಲ್ ಸರ್ಕಲ್ ಹತ್ತಿರ ಅವಳ ಪಕ್ಕದಲ್ಲೇ ಬಾಳೆಹಣ್ಣಿನ ಗಾಡಿ ನಿಲ್ಲಿಸುವ ವಲಿ ಪಾಷಾ ಇದೊಂದು ಮಾತಿಗೆ ಅವಳನ್ನು ದಿನಾ ಕಾಡುತ್ತಿದ್ದ.

"ಅಮ್ಮಾ, ನೀ ವ್ಯಾಪಾರ ಮಾಡಾಕ ಬಂದೀಯೋ, ಗಿರಾಕಿ ಓಡಸಾಕ ಬಂದೀಯೋ? ದೊಡ್ಡವು ಮ್ಯಾಲ ಇಡು ಅಂದ್ರ ಕೇಳಂಗಿಲ್ಲ."

"ಮ್ಯಾಲಿನವು ನೋಡಿ ಒಯ್ದು, ಮನ್ಯಾಗ ಕೆಳಗಿನವು ನೋಡಿ ಬೈಬೇಕೇನು ನನಗ? ಬುಟ್ಟಿ ಸುರುವಿದಾಗ ನಗಬೇಕು ಅವರು."

"ಅವರು ನಗ್ತಾರ. ನೀ ಸಂಜಿತನಕ ಬಿಸಲಾಗ ಕೂಡ್ತಿ."

"ಹಂಗಾರ ನಿನ್ನ ಗಾಡಿ ಈ ಕಡಿ ಒಂದೀಟು ಸರಿಸು, ನೆಳ್ಳರ ಬೀಳ್ಲಿ."

ನಾನು ಅವಳ ಪಕ್ಕದ ಮನೆಯವಳು. ಇಬ್ಬರ ಮನೆಗೂ ಒಂದೇ ಗೋಡೆ. ಅವಳು ನೀರಮಾನ್ವಿಯಿಂದ ಬೂದೆಪ್ಪನ ಹೆಂಡತಿಯಾಗಿ ಬಂದ ವರ್ಷವೇ ನಾನೂ ಈ ಊರಿಗೆ ಸೊಸೆಯಾಗಿ ಬಂದೆ. ಬೂದೆಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಒಬ್ಬಳೇ ಮಗಳು ರೇಣುಕಮ್ಮನನ್ನು ಕಲ್ಮಲಕ್ಕೆ ಕೊಟ್ಟಿದ್ದಾಳೆ. ಇಷ್ಟು ವರ್ಷ ಅವಳ ಮಾತು ಕೇಳುತ್ತಾ ಬಂದಿದ್ದೇನೆ. ಹಣ್ಣಿನ ವಿಷಯದಲ್ಲಿ ಅವಳು ಒಂದು ಸುಳ್ಳು ಆಡಿದ್ದು ನನಗೆ ಗೊತ್ತಿಲ್ಲ. ಆದರೆ ಗುಡ್ಡದ ವಿಷಯದಲ್ಲಿ ಒಂದು ದೊಡ್ಡ ಸುಳ್ಳು ಆಡಿದ್ದಳು. ಅವಳೊಬ್ಬಳೇ ಅಲ್ಲ, ನಾವೆಲ್ಲರೂ ಆಡಿದ್ದೆವು. ಹೆಬ್ಬೆಟ್ಟು ಮಾತ್ರ ಅವಳದು ಮೊದಲು ಬಿದ್ದಿತ್ತು.

ನಮ್ಮೂರು ದೇವದುರ್ಗಕ್ಕೂ ಮಾನ್ವಿಗೂ ನಡುವೆ ಇದೆ. ಊರ ಬೆನ್ನಿಗೆ ಜೋಡುಗಲ್ಲ ಗುಡ್ಡ. ಮನೆಯಷ್ಟು ಮನೆಯಷ್ಟು ದೊಡ್ಡ ಕಲ್ಲುಗಳು ಒಂದರ ಮೇಲೊಂದು ಕೂತಿವೆ, ನಡುನಡುವೆ ಸೀತಾಫಲ, ಕಾರೆ, ಬಾರೆ, ಮುಳ್ಳುಕಂಟಿ. ಕಾಗದದಲ್ಲಿ ಅದು ಸರ್ಕಾರದ ಗಾಯರಾಣ, ದನ ಮೇಯಲು ಬಿಟ್ಟ ಜಾಗ. ನಮಗೆ ಅದು ಆಡಿನ ಮೇವು, ಒಲೆಗೆ ಪುಳ್ಳೆ, ಮನೆ ಹೊದಿಸಲು ಹುಲ್ಲು, ದಸರಾ ಸುಮಾರಿಗೆ ಹಣ್ಣು. ಮೇಲೆ ಕಲ್ಲಿನ ಸಂದಿಯಲ್ಲಿ ಕರಡಿಗಳಿವೆ. ನವಿಲು, ನರಿ, ಮುಳ್ಳುಹಂದಿ ಎಲ್ಲ ಇವೆ. ಕರಡಿಯನ್ನು ನಾವು ಹೆಸರು ಹಿಡಿದು ಕರೆಯುವುದಿಲ್ಲ, 'ಗುಡ್ಡದಾಕಿ' ಅನ್ನುತ್ತೇವೆ.

ನಾವು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಸಿದವನು ಜಂಬಣ್ಣ. ಅವನು ಊರಿನ ಹಿರಿಯ, ಮೊನ್ನೆಮೊನ್ನೆವರೆಗೆ ಅರವತ್ತು ಆಡು ಕಾಯುತ್ತಿದ್ದವನು. ಯಾವುದೋ ತಾಲೂಕಿನಲ್ಲಿ ಕರಡಿ ಇದೆ ಎಂದು ಗೊತ್ತಾದ ಮೇಲೆ ಗುಡ್ಡಕ್ಕೆ ತಂತಿಬೇಲಿ ಬಂತಂತೆ, ಆಡು ಬಿಟ್ಟವರ ಮೇಲೆ ಕೇಸಾಯಿತಂತೆ. ಅವನ ಬೀಗರು ಹೇಳಿದ್ದ ಸುದ್ದಿ. ಅಂದಿನಿಂದ ಅವನದು ಒಂದೇ ಪಾಠ.

"ಯಾರರ ಕೇಳಿದ್ರ ಗುಡ್ಡ ಖಾಲಿ ಅದ ಅನ್ರಿ. ಹೆಜ್ಜಿ ಕಂಡ್ರ ಕಾಲಿಲೆ ಅಳಸ್ರಿ. ಲದ್ದಿ ಕಂಡ್ರ ಮಣ್ಣು ಎಳೀರಿ. ಆಕಿ ಇಲ್ಲ ಅಂದ್ರ ಆಕಿನೂ ಉಳೀತಾಳ, ನಾವೂ ಉಳೀತೀವಿ."

ನಾವು ಹಾಗೇ ಮಾಡಿದೆವು. ಪುಳ್ಳೆಗೆ ಹೋದ ಹೆಂಗಸರು ದಾರಿಯ ಮೇಲೆ ಕರಡಿ ಹೆಜ್ಜೆ ಕಂಡರೆ ಮಾತು ನಿಲ್ಲಿಸದೆ, ಮುಖ ಕೆಳಗೆ ಮಾಡದೆ, ಪಾದದಿಂದ ಒರೆಸಿ ಮುಂದೆ ಹೋಗುತ್ತಿದ್ದೆವು. ಅಂಗಳದ ಕಸ ಹೊಡೆದಷ್ಟೇ ಸಹಜವಾಗಿ ಹೋಗಿತ್ತು ಅದು.

ಹದಿನಾಲ್ಕು ವರ್ಷದ ಹಿಂದೆ, ಹಣ್ಣಿನ ದಿನಗಳಲ್ಲಿ, ತಿಮ್ಮವ್ವನಿಗೆ ಗುಡ್ಡದಾಕಿ ಎದುರಾದಳು. ಜೋಡುಗಲ್ಲಿನ ಹಿಂದೆ ತಿಮ್ಮವ್ವನಿಗೆ ಮಾತ್ರ ಗೊತ್ತಿದ್ದ ಗಿಡಗಳಿದ್ದವು, ನಲವತ್ತರ ಮೇಲೆ. ಊರಲ್ಲಿ ಯಾರೂ ಅಷ್ಟು ಮೇಲೆ ಹೋಗುತ್ತಿರಲಿಲ್ಲ. ನಸುಕಿನಲ್ಲಿ ಹೋಗಿ, ಮಾಗಲು ಬಂದು ಕಣ್ಣು ಬಿಟ್ಟ ಕಾಯಿ ಕಿತ್ತುಕೊಂಡು, ಬಿಸಿಲೇರುವ ಮೊದಲು ಇಳಿದುಬಿಡುತ್ತಿದ್ದಳು. ಆ ದಿನ ಬಗ್ಗಿ ಬಂದು ನೋಡುತ್ತಾಳೆ, ಗಿಡದ ಬುಡದಲ್ಲಿ ಉದುರಿದ ಹಣ್ಣು ತಿನ್ನುತ್ತ ಕರಡಿ ಕೂತಿದೆ, ಬೆನ್ನ ಮೇಲೆ ಮರಿ.

"ಅದು ನನ್ನ ಮ್ಯಾಲ ಬಂದಿಲ್ಲವಾ. ನಾ ಅದರ ಮ್ಯಾಲ ಹೋಗಿದ್ದೆ" ಎಂದು ಆಮೇಲೆ ನನಗೆ ಹೇಳಿದಳು.

ಒಂದೇ ಏಟು. ಎಡಗಿವಿ ಅರ್ಧ ಹೋಯಿತು. ಕಿವಿಯಿಂದ ನೆತ್ತಿಯವರೆಗೆ ತಲೆ ಸೀಳಿತು. ಸೆರಗು ಒತ್ತಿ ಹಿಡಿದು ತಾನೇ ಇಳಿದು ಬಂದಳು. ರಾಯಚೂರಿನ ದವಾಖಾನೆಗೆ ನಾನೇ ಜೊತೆಗೆ ಹೋದೆ.

"ಏನಾಯ್ತಮ್ಮ?" ಎಂದು ಡಾಕ್ಟರು ಕೇಳಿದರು.

"ಕಲ್ಲಿನ ಮ್ಯಾಲಿಂದ ಜಾರಿ ಬಿದ್ದೆ ಯಪ್ಪಾ."

"ಕಲ್ಲಿಗೆ ಉಗುರು ಇರ್ತಾವೇನು?"

ಅವಳು ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ಅಂದಿನಿಂದ ಅವಳ ಸೆರಗು ಎಡಗಡೆ ಯಾವತ್ತೂ ಕಿವಿಯ ಕೆಳಗೇ. ಊರಿಗೆಲ್ಲ ಗೊತ್ತು, ಊರ ಹೊರಗೆ ಯಾರಿಗೂ ಗೊತ್ತಿಲ್ಲ.

ಅದಾಗಿ ಎರಡು ತಿಂಗಳಾಗಿರಬಹುದು, ಸರ್ಕಾರದವರು ಬಂದರು. ಗಾಯರಾಣ ಗುಡ್ಡಗಳನ್ನು ಅರಣ್ಯ ಇಲಾಖೆಗೆ ಕೊಡುವುದೋ ಬಿಡುವುದೋ ಎಂದು ಪಂಚನಾಮೆ ಮಾಡುತ್ತಿದ್ದರು. ತಿಮ್ಮವ್ವ ಆಗ ಮಹಿಳಾ ಸೀಟಿನಿಂದ ಪಂಚಾಯಿತಿ ಮೆಂಬರು. "ಈ ಗುಡ್ಡದಲ್ಲಿ ಕಾಡುಪ್ರಾಣಿಗಳಿಲ್ಲ, ಫಲ ಕೊಡುವ ಗಿಡಗಳಿಲ್ಲ, ಗ್ರಾಮಸ್ಥರು ಇದನ್ನು ಅವಲಂಬಿಸಿಲ್ಲ" ಎಂದು ಓದಿದರು. ಹೌದೆಂದು ಜಂಬಣ್ಣ ತಲೆಯಾಡಿಸಿದ. ತಿಮ್ಮವ್ವ ಹೆಬ್ಬೆಟ್ಟು ಒತ್ತಿದಳು. ಒಳ್ಳೆಯ ಕೆಲಸ ಮಾಡಿದೆವೆಂದು ಆ ದಿನ ಹನುಮಪ್ಪನ ಕಟ್ಟೆಯ ಮೇಲೆ ಬೆಲ್ಲ ಹಂಚಿದೆವು. ನಾನೂ ತಿಂದೆ.

ಈ ವರ್ಷ ಸಂಕ್ರಾಂತಿಯಾದ ಮೇಲೆ ಮೌನೇಶ ಸುದ್ದಿ ತಂದ. ಅವನು ನಮ್ಮೂರಿನ ಹುಡುಗ, ಟಂಟಂ ಓಡಿಸುತ್ತಾನೆ. ನಮ್ಮ ಬುಟ್ಟಿಗಳು ರಾಯಚೂರಿಗೆ ಹೋಗುವುದು ಅವನ ಗಾಡಿಯಲ್ಲೇ. ಬಾಡಿಗೆ ಇಲ್ಲದ ದಿನ ಗುಡ್ಡ ಹತ್ತಿ ಹಕ್ಕಿ, ನರಿ ಎಂದು ಫೋನಿನಲ್ಲಿ ಫೋಟೋ ಹಿಡಿಯುವ ಚಟ ಅವನಿಗೆ. ದೇವದುರ್ಗದ ಕಚೇರಿಯ ಗೋಡೆಗೆ ಹಚ್ಚಿದ ನೋಟಿಸನ್ನೂ ಹಾಗೇ ಫೋಟೋ ಹಿಡಿದು ತಂದಿದ್ದ. ಜೋಡುಗಲ್ಲ ಗುಡ್ಡದಲ್ಲಿ ಕಲ್ಲು ಕ್ವಾರಿ ಮಾಡಲು ಹೊರಗಿನವರು ಯಾರೋ ಅರ್ಜಿ ಹಾಕಿದ್ದಾರೆ, ತಕರಾರು ಇದ್ದವರು ಮೂವತ್ತು ದಿನದೊಳಗೆ ಹೇಳಬೇಕು.

ಕಟ್ಟೆಯ ಮೇಲೆ ಊರೇ ಸೇರಿತು.

"ತಕರಾರು ಹಾಕೋಣು. ಗುಡ್ಡದಾಕಿ ಅದಾಳ, ನವಿಲ ಅದಾವ, ನಮ್ಮ ಹೊಟ್ಟಿ ಅದ ಅಂತ ಬರಿಯೋಣು" ಎಂದ ಮೌನೇಶ.

"ಬರೀ ಬರೀ" ಎಂದ ಜಂಬಣ್ಣ, "ಹಳೇ ಕಾಗದ ತಗದು ಮಾರಿಗಿ ಹಿಡಿದ್ರ ಏನಂತಿ?"

ಹಿಡಿದೇ ಹಿಡಿಯುತ್ತಾರೆ ಎಂದು ಮೌನೇಶನಿಗೆ ಆಗಲೇ ಗೊತ್ತಿತ್ತು. ನೋಟಿಸಿನ ಕೆಳಗೇ ಬರೆದಿತ್ತು: ಹಿಂದಿನ ಪಂಚನಾಮೆಯಂತೆ ಸದರಿ ಗುಡ್ಡ ಬರಡು. ಅವನು ಅದನ್ನು ಓದಿದಾಗ ಯಾರೂ ತಿಮ್ಮವ್ವನ ಕಡೆ ನೋಡಲಿಲ್ಲ. ನೋಡದೆ ಇದ್ದುದೇ ಅವಳಿಗೆ ಹೆಚ್ಚು ಚುಚ್ಚಿತು ಅನ್ನಿಸುತ್ತದೆ. ಮನೆಗೆ ಬರುವಾಗ ದಾರಿಯಲ್ಲಿ ನನ್ನನ್ನು ಕೇಳಿದಳು.

"ಸುಳ್ಳ ಹೆಬ್ಬಟ್ಟು ಒತ್ತಿದೆ ಅಂತ ಹೇಳಿದ್ರ ಜೇಲಿಗಿ ಹಾಕ್ತಾರೇನಬೇ?"

"ನನಗೇನು ಗೊತ್ತವಾ."

"ಜೇಲಿಗಿ ಹೋದ್ರೂ ಊಟರ ಕೊಡ್ತಾರ. ಅರಣ್ಯದವರು ಮ್ಯಾಲಿನ ಗಿಡ ಬಂದ್ ಮಾಡಿದ್ರ ಅದೂ ಇಲ್ಲ."

ನಕ್ಕಳು. ನನಗೆ ನಗು ಬರಲಿಲ್ಲ. ಕ್ವಾರಿ ಬಂದರೆ ಗುಡ್ಡವೇ ಹೋಗುತ್ತದೆ. ಕರಡಿ ಇದೆ ಎಂದರೆ ಅವಳ ಗಿಡಗಳು ಹೋಗುತ್ತವೆ, ಮೇಲೆ ಕೇಸು. ಎರಡೂ ಕಡೆ ಅವಳಿಗೇ ನಷ್ಟ. ಆದರೂ ಊರಿನ ತಕರಾರು ಅರ್ಜಿಗೆ ಎಲ್ಲರ ಜೊತೆ ಅವಳೂ ಹೆಬ್ಬೆಟ್ಟು ಹಾಕಿದಳು. ಹಳೆಯ ಹೆಬ್ಬೆಟ್ಟಿನ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ. ಹೆಜ್ಜೆ ತೋರಿಸಿದರೆ ಸಾಕು, ಹಳೆಯದೆಲ್ಲ ತಾನಾಗಿ ಮುಚ್ಚಿಹೋಗುತ್ತದೆ ಎಂದು ನಾವು ನಂಬಿದ್ದೆವು.

ಶಿವರಾತ್ರಿಯ ಹಿಂದಿನ ವಾರ ಬೆಳಿಗ್ಗೆ ಎಂಟಕ್ಕೆ ಜೀಪು ಬಂತು. ಅರಣ್ಯ ಇಲಾಖೆಯ ಒಬ್ಬ ಹೆಣ್ಣುಮಗಳು ಅಧಿಕಾರಿ, ಗಣಿ ಇಲಾಖೆಯವರೊಬ್ಬರು, ಊರಿನ ಗ್ರಾಮ ಲೆಕ್ಕಿಗ. ಮೌನೇಶ ನಸುಕಿನಲ್ಲೇ ಹೋಗಿ ನೋಡಿ ಬಂದಿದ್ದ. ಹಳ್ಳದ ನೀರಿನ ಹೊಂಡದ ಬಳಿ ಮರಳಿನಲ್ಲಿ ಹೊಸ ಹೆಜ್ಜೆ ಬಿದ್ದಿದೆ, ಐದೂ ಉಗುರು ಎಣಿಸಬಹುದು ಎಂದು ಕುಣಿಯುತ್ತಿದ್ದ. ಅದಕ್ಕೇ ಎಲ್ಲರನ್ನೂ ಆ ದಾರಿಯಲ್ಲೇ ಕರೆದುಕೊಂಡು ಹೋದೆವು. ದಾರಿ ತೋರಿಸಲು ಜಂಬಣ್ಣ ಮುಂದೆ. ಅವನ ಹಿಂದೆ ಸಾಹೇಬರು, ಮೌನೇಶ. ಕೊನೆಗೆ ನಾವು ಹೆಂಗಸರು.

ಜಂಬಣ್ಣ ಕೋಲು ಊರುತ್ತ, ಗುಡ್ಡದ ಹೆಸರು ಹೇಗೆ ಬಂತೆಂದು ಹೇಳುತ್ತ ನಡೆಯುತ್ತಿದ್ದ. ಹೊಂಡ ಬಂತು. ಮಾತು ನಿಲ್ಲಲಿಲ್ಲ. ಅವನ ಬಲಗಾಲು ಮೆಲ್ಲಗೆ ಪಕ್ಕಕ್ಕೆ ಹೋಯಿತು, ಮರಳಿನ ಮೇಲೆ ಅತ್ತ ಒಂದು ಸಲ ಇತ್ತ ಒಂದು ಸಲ ಆಡಿತು, ಮತ್ತೆ ದಾರಿಗೆ ಬಂತು. ಅವನು ಕೆಳಗೆ ನೋಡಲೂ ಇಲ್ಲ.

"ಯಜ್ಜಾ! ಏನ್ ಮಾಡಿದಿ?" ಎಂದು ಮೌನೇಶ ಕಿರುಚಿದ.

ಜಂಬಣ್ಣ ನಿಂತ. ತನ್ನ ಕಾಲನ್ನು ತಾನೇ ನೋಡಿಕೊಂಡ. ಬೇರೆ ಯಾರದೋ ಕಾಲು ನೋಡಿದ ಹಾಗೆ.

"ಕಾಲು ತಾನೇ ಹೋತಲೇ ತಮ್ಮಾ" ಎಂದ. ದನಿ ಸಣ್ಣದಾಗಿತ್ತು.

ಗಣಿ ಸಾಹೇಬರು ನಕ್ಕರು. "ಇದ್ದ ಹೆಜ್ಜೆ ಅಳಿಸಿದರೋ, ಇತ್ತು ಅಂತ ತೋರಿಸೋಕೆ ಖಾಲಿ ಮರಳು ಅಳಿಸಿದರೋ?"

ಮೌನೇಶ ಬೆವರುತ್ತ ಫೋನು ತೆಗೆದ. ನಸುಕಿನಲ್ಲಿ ಹಿಡಿದ ಹೆಜ್ಜೆಯ ಫೋಟೋ, ಹೋದ ವರ್ಷದ ನರಿಯ ಫೋಟೋ ಎಲ್ಲ ತೋರಿಸಿದ.

"ಇದು ಯಾವ ಗುಡ್ಡದ್ದೋ ಯಾರಿಗೆ ಗೊತ್ತು? ಫೋನಿನಲ್ಲಿ ಆಫ್ರಿಕಾದ ಸಿಂಹಾನೂ ಇರುತ್ತೆ" ಎಂದರು ಅವರು. ಗ್ರಾಮ ಲೆಕ್ಕಿಗ ಹಳೆಯ ಪಂಚನಾಮೆ ತೆಗೆದು ಗಟ್ಟಿಯಾಗಿ ಓದತೊಡಗಿದ. ಕಾಡುಪ್ರಾಣಿಗಳಿಲ್ಲ. ಫಲ ಕೊಡುವ ಗಿಡಗಳಿಲ್ಲ. ಅರಣ್ಯದ ಮೇಡಂ ಸುತ್ತ ನೋಡುತ್ತಿದ್ದರು. ಎಲೆ ಉದುರಿದ ಕಾಲ. ಗಿಡಗಳೆಲ್ಲ ಒಣಕಡ್ಡಿಗಳ ಹಾಗೆ ನಿಂತಿದ್ದವು. ಖಾಲಿ ಅಂದರೆ ನಂಬುವ ಹಾಗೇ ಇತ್ತು ಗುಡ್ಡ.

ಆಗ ತಿಮ್ಮವ್ವ ನಮ್ಮ ನಡುವಿನಿಂದ ಮುಂದೆ ಹೋದಳು. ತಲೆಯ ಮೇಲಿನ ಸೆರಗು ಪೂರ್ತಿ ತೆಗೆದು ಹೆಗಲಿಗೆ ಹಾಕಿಕೊಂಡಳು. ಹದಿನಾಲ್ಕು ವರ್ಷದಲ್ಲಿ ಅವಳ ಬರಿತಲೆಯನ್ನು ನಾನೂ ಬಿಸಿಲಿನಲ್ಲಿ ಕಂಡಿರಲಿಲ್ಲ. ಕೂದಲು ಬಾರದ ನಾಲ್ಕು ಗೆರೆ, ಅರ್ಧ ಕಿವಿ.

"ಇದು ಯಾವ ಗುಡ್ಡದ್ದು ಅಂತ ನಾ ಹೇಳ್ತೀನ್ರಿ" ಎಂದಳು.

ಜಂಬಣ್ಣ ಅವಳ ತೋಳು ಹಿಡಿದ. "ತಿಮ್ಮೀ, ಸುಮ್ಕಿರು. ಕೇಸ್ ಆಗ್ತದ."

"ಬಿಡಣ್ಣ. ನಿನ್ನ ಕಾಲಿಗಿ ನೀ ಹೇಳಲಿಲ್ಲ, ನನ್ನ ಬಾಯಿಗಿ ಹೇಳ್ತೀಯೇನು?" ಎಂದು ಬಿಡಿಸಿಕೊಂಡಳು. ಮೇಡಂ ಕಡೆ ತಿರುಗಿದಳು. "ಯವ್ವಾ, ಆ ಕಾಗದದಾಗ ಮೊದಲನೇ ಹೆಬ್ಬಟ್ಟು ನಂದದ. ಅದು ಸುಳ್ಳ. ಒತ್ತೂದಕ್ಕ ಎರಡು ತಿಂಗಳು ಮದಲ ಈ ಗುಡ್ಡದಾಗ ಕರಡಿ ನನಗ ಹೊಡದಿತ್ತು. ಇದ್ದದ್ದು ಹೇಳಿದ್ರ ಗುಡ್ಡಕ್ಕ ಬೇಲಿ ಹಾಕ್ತೀರಿ ಅಂತ ಅಂಜಿ ಇಲ್ಲ ಅಂದ್ವಿ. ಈ ಯಪ್ಪನ ಕಾಲೂ ಅದಕ್ಕ ಹಂಗ ಹೋತು. ಮೂವತ್ತು ವರ್ಷ ಹೆಜ್ಜಿ ಅಳಸಿದ ಕಾಲು ಅದು."

ಕರಡಿ ಅಂದಳು. ಹೊರಗಿನವರ ಎದುರಿಗೆ ಆ ಹೆಸರು ಕೇಳಿ ನಮ್ಮ ಹೆಂಗಸರಲ್ಲಿ ಒಬ್ಬಿಬ್ಬರು ಬಾಯಿಗೆ ಸೆರಗು ಇಟ್ಟುಕೊಂಡರು.

ಮೇಡಂ ಹತ್ತಿರ ಬಂದು ಆ ಗೆರೆಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಆ ಜಾಗ ತೋರಿಸ್ತೀರಾ ಅಮ್ಮ?"

ತಲೆ ತೋರಿಸುವುದಕ್ಕಿಂತ ತಿಮ್ಮವ್ವನಿಗೆ ಇದೇ ಕಷ್ಟವಾಯಿತು ಎಂದು ನನಗೆ ಗೊತ್ತು. ಆ ಜಾಗ ತೋರಿಸುವುದೆಂದರೆ ಆ ಗಿಡಗಳನ್ನು ತೋರಿಸುವುದು. ಅಷ್ಟು ವರ್ಷದ ಗೆಳೆತನದಲ್ಲಿ ನನಗೂ ಅವಳು ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ನೆಲ ನೋಡಿದಳು, ಗುಡ್ಡದ ನೆತ್ತಿ ನೋಡಿದಳು.

"ಬರ್ರಿ" ಎಂದಳು.

ಜೋಡುಗಲ್ಲಿನ ಸಂದಿಯಲ್ಲಿ ಅಡ್ಡಡ್ಡ ನುಸುಳಿ ಹೋಗಬೇಕು. ಗಣಿ ಸಾಹೇಬರ ಅಂಗಿ ಮುಳ್ಳಿಗೆ ಸಿಕ್ಕಿತು. ಆಚೆ ಬಟ್ಟಲಿನಂಥ ಜಾಗ, ತುಂಬ ಸೀತಾಫಲದ ಗಿಡ. ಅವುಗಳ ಹಿಂದೆ ಗವಿ. ಗವಿಯ ಬಾಯಲ್ಲಿ ಒಣಗಿದ ಲದ್ದಿ, ಅದರ ತುಂಬ ಬಾರೆ ಹಣ್ಣಿನ ಬೀಜ. ಕಲ್ಲಿಗೆ ಅಂಟಿದ ಉದ್ದನೆಯ ಕರಿ ಕೂದಲು. ಪಕ್ಕದ ಹುತ್ತ ಹೊಟ್ಟೆ ಬಗೆದ ಹಾಗೆ ಅಗೆದು ಬಿದ್ದಿತ್ತು, ಮಣ್ಣು ಇನ್ನೂ ಹಸಿ. ಮೇಡಂ ಕುಕ್ಕರುಗಾಲಿನಲ್ಲಿ ಕೂತು ಲದ್ದಿಯನ್ನು ಕಡ್ಡಿಯಿಂದ ಬಿಡಿಸಿ ಚೀಲಕ್ಕೆ ಹಾಕಿಕೊಂಡರು. ಗಣಿ ಸಾಹೇಬರು ಗವಿಯಿಂದ ಸ್ವಲ್ಪ ದೂರ ಸರಿದು ನಿಂತರು, "ಒಳಗೆ ಇದೆಯಾ ಈಗ?" ಎಂದು ಮೆಲ್ಲಗೆ ಕೇಳಿದರು.

"ಕರೀಲೇನ್ರಿ?" ಎಂದ ಮೌನೇಶ.

ಕಟ್ಟೆಯ ಮೇಲೆ ಕೂತು ಹೊಸ ಪಂಚನಾಮೆ ಬರೆದರು. ಓದಿ ಹೇಳಿದರು. ತಿಮ್ಮವ್ವ ಹೆಬ್ಬೆಟ್ಟು ಒತ್ತಿದಳು. ಮೇಡಂ ಅವಳನ್ನು ಕೇಳಿದರು, "ನಿಮ್ಮ ಮೇಲೆ ಏನು ಕ್ರಮ ಆಗುತ್ತೆ ಅಂತ ನೀವು ಕೇಳಲೇ ಇಲ್ಲವಲ್ಲ?"

"ಕೇಳಿದ್ರ ಬ್ಯಾರೆ ಹೇಳಬೇಕಾಗ್ತಿತ್ತೇನ್ರಿ?"

ಮೇಡಂ ನಗಲಿಲ್ಲ. ಹಳೆಯದಕ್ಕೂ ಹೊಸದಕ್ಕೂ ಏಕೆ ಫರಕು ಎಂಬುದನ್ನು ಅವಳು ಹೇಳಿದ ಮಾತಿನಲ್ಲೇ ಬರೆಯುತ್ತೇನೆ ಎಂದರು. ಇವತ್ತಿನವರೆಗೆ ಯಾರೂ ಅವಳನ್ನು ಕರೆಸಿಲ್ಲ. ಹೋಗುವ ಮುಂಚೆ ಇನ್ನೊಂದು ಹೇಳಿದರು: ಗುಡ್ಡದ ಮೇಲ್ಭಾಗ ಪ್ರಾಣಿಗಳಿಗೆ ಬಿಡಬೇಕಾಗುತ್ತದೆ, ಕೆಳಗೆ ಹಣ್ಣು, ಹುಲ್ಲು, ಪುಳ್ಳೆಗೆ ಅಡ್ಡಿಯಿಲ್ಲ ಎಂದು ಶಿಫಾರಸು ಮಾಡುತ್ತೇನೆ, ಎಲ್ಲಿಯವರೆಗೆ ಎಂದು ಊರವರೇ ಗೆರೆ ಹಾಕಿಕೊಟ್ಟರೆ ಅದನ್ನೂ ವರದಿಗೆ ಸೇರಿಸುತ್ತೇನೆ.

ಗೆರೆ ಹಾಕುವ ದಿನ ಸುಣ್ಣದ ಕೊಡ ಹೊತ್ತುಕೊಂಡು ಗುಡ್ಡ ಹತ್ತಿದೆವು. ನೂರು ಮಾರಿಗೆ ಒಂದು ಕಲ್ಲು ನೆಟ್ಟು ಸುಣ್ಣ ಬಳಿಯುವುದು. ಆ ಗೆರೆಯಿಂದ ಮೇಲಕ್ಕೆ ಆಡು ಬಿಡುವಂತಿಲ್ಲ, ಹಣ್ಣು ಕೀಳುವಂತಿಲ್ಲ, ಬೀಡಿ ಸಹ ಹಚ್ಚುವಂತಿಲ್ಲ. ಜೋಡುಗಲ್ಲಿನ ಹತ್ತಿರ ಬಂದಾಗ ಜಂಬಣ್ಣ ಕೋಲು ಎತ್ತಿ ಮೇಲಕ್ಕೆ ತೋರಿಸಿದ.

"ಗೆರಿ ಗವಿ ಬಾಯಿಗಿ ಬರ್ಲಿ. ತಿಮ್ಮೀ ಗಿಡ ಕೆಳಗ ಉಳೀಲಿ. ಆಕಿ ಇಲ್ಲಂದ್ರ ಗುಡ್ಡನ ಇರತಿರಲಿಲ್ಲ."

ಯಾರೂ ಇಲ್ಲ ಅನ್ನಲಿಲ್ಲ. ನಾನಂತೂ ಹೌದೆಂದೆ. ಕಲ್ಮಲದಿಂದ ಬಂದಿದ್ದ ಮಗಳು ರೇಣುಕಮ್ಮ ಗಟ್ಟಿಯಾಗಿ ಹೌದೆಂದಳು. ತಿಮ್ಮವ್ವ ಮಾತ್ರ ಅಲ್ಲೇ ಬಿದ್ದಿದ್ದ ಒಂದು ಕಲ್ಲು ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಕೆಳಗೆ ಇಳಿಯತೊಡಗಿದಳು.

"ಎವ್ವಾ, ಎಲ್ಲಿಗಿ ಹೊಂಟಿ?" ರೇಣುಕಮ್ಮ ಹಿಂದೆ ಓಡಿದಳು. "ಹೊಟ್ಟಿಗೇನು ತಿಂತಿ?"

"ಆಕಿ ಗವ್ಯಾಗ ಕುಂತು ಉಣ್ಣಂಗಿಲ್ಲ, ಗಿಡದ ಬುಡಕ್ಕ ಬಂದು ಉಣ್ತಾಳ. ಗವಿ ಆಕಿಗಿ ಕೊಟ್ಟು ಊಟ ನಾ ತಗೊಂಡ್ರ ಏನು ಕೊಟ್ಟಂಗಾತು?"

"ಅದಕ್ಕ ನಿನ್ನ ಗಿಡ ಕೊಡಬೇಕೇನು?"

"ನನ್ನವ್ಯಾವು? ಅಲ್ಲಿ ಏನೂ ಇಲ್ಲಂತ ಬರಸಿ ಅಲ್ಲೇ ಹದಿನಾಕು ವರ್ಷ ಕಿತ್ತು ಮಾರೀನಿ. ಸಾಕಾತು."

ಗಿಡಗಳಿಂದ ಬಹಳ ಕೆಳಗೆ, ಇಳಿಜಾರಿನ ಅಂಚಿಗೆ ಕಲ್ಲು ಇಟ್ಟಳು. ಅದು ಅಲ್ಲೇ ನಿಂತಿತು. ರೇಣುಕಮ್ಮ ಸಿಟ್ಟಿನಿಂದ ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಊರಿಗೆ ಹೋಗುವಾಗ ಒಂದು ಚೀಲ ಜೋಳ ಇಳಿಸಿ ಹೋದಳು.

ಕ್ವಾರಿ ಅರ್ಜಿಯನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ ಎಂದು ಕಾಗದ ಬಂದಿದೆ. 'ಸದ್ಯಕ್ಕೆ' ಎಂದರೆ ಎಷ್ಟು ದಿನ ಎಂದು ಮೌನೇಶ ತಿಂಗಳಿಗೊಮ್ಮೆ ದೇವದುರ್ಗಕ್ಕೆ ಹೋಗಿ ಕೇಳುತ್ತಾನೆ. ಜಂಬಣ್ಣ ಈಗ ಹೆಜ್ಜೆ ಕಂಡರೆ ಸುತ್ತ ನಾಲ್ಕು ಕಲ್ಲು ಇಟ್ಟು ಬರುತ್ತಾನೆ. ಕೈಗೆ ಹೊಸ ಕೆಲಸ ಕಲಿಸಿದ್ದೇನೆ, ಕಾಲಿನ ಮೇಲೆ ಮಾತ್ರ ಇನ್ನೂ ಭರವಸೆಯಿಲ್ಲ ಅನ್ನುತ್ತಾನೆ.

ಈ ಸಲದ ಹಣ್ಣಿನ ಕಾಲದಲ್ಲಿ ತಿಮ್ಮವ್ವನಿಗೆ ನಾಲ್ಕು ಬುಟ್ಟಿಯ ಬದಲು ಎರಡೇ ಆದವು. ಕಳೆದ ವಾರ ನಾನೂ ಅವಳ ಜೊತೆ ಗೆರೆಯ ಕೆಳಗಿನ ಗಿಡಗಳಿಗೆ ಹೋಗಿದ್ದೆ. ನಾವು ಕೀಳುತ್ತಿದ್ದಾಗ ಮೇಲಿನಿಂದ ಒಂದು ಹಣ್ಣು ಉರುಳಿ ಬಂತು. ಪೂರ್ತಿ ಮಾಗಿ ಸೀಳಿದ್ದ ಹಣ್ಣು, ಅಂಗೈ ತುಂಬುವಷ್ಟು. ಸುಣ್ಣದ ಕಲ್ಲು ದಾಟಿ ಅವಳ ಕಾಲ ಬಳಿ ನಿಂತಿತು. ನಾವಿಬ್ಬರೂ ಮೇಲೆ ನೋಡಿದೆವು. ಗಿಡ ಅಲುಗುತ್ತಿತ್ತು, ಗಾಳಿ ಇರಲಿಲ್ಲ.

"ಗೆರಿ ದಾಟಿ ಬಂದದ, ತಗೋ" ಎಂದು ನಾನು ಪಿಸುಗುಟ್ಟಿದೆ.

ಅವಳು ಅದನ್ನು ಎತ್ತಿಕೊಂಡು, ಸದ್ದಿಲ್ಲದೆ ನನ್ನನ್ನು ಕೈ ಹಿಡಿದು ಇಪ್ಪತ್ತು ಹೆಜ್ಜೆ ಕೆಳಗೆ ಕರೆದುಕೊಂಡು ಬಂದಳು. ಕಲ್ಲಿನ ಮೇಲೆ ಕೂತು ಹಣ್ಣು ಎರಡು ಮಾಡಿ ಅರ್ಧ ನನಗೆ ಕೊಟ್ಟಳು. ತಿಂದು ಮುಗಿಸಿದ ಮೇಲೆ ನನ್ನ ಕೈಯೊಳಗಿನ ಬೀಜಗಳನ್ನೂ ಕೇಳಿ ತೆಗೆದುಕೊಂಡಳು. ಮೇಲಿನ ಗಿಡದ ಅಲುಗಾಟ ನಿಲ್ಲುವ ತನಕ ಕಾದು, ಎದ್ದು ಹೋಗಿ, ಆ ಬೀಜಗಳನ್ನೆಲ್ಲ ಗೆರೆಯಾಚೆಗೆ ತೂರಿ ಬಂದಳು.